ಮೂರೇ ಪೂರ್ಣ ಆಲ್ಬಂ ಮಾಡಿದ್ದ ದ ಬ್ಯಾಂಗಲ್ಸ್‌ಗೆ 1990ರಲ್ಲೇ ‘ಗ್ರೇಟೆಸ್ಟ್ ಹಿಟ್ಸ್’ ಯಾಕೆ ಬಂತು?

ಯಾಕೆಂದರೆ ಈ ಅಮೆರಿಕನ್ ಹುಡುಗಿಯರ ಬ್ಯಾಂಡ್ 1989ರಲ್ಲೇ ಒಡೆದುಹೋಗಿತ್ತು. ಹೊಸ ಆಲ್ಬಂ ಬರುವ ಹಾಗಿರಲಿಲ್ಲ. ಆದರೆ ಅದೇ ವರ್ಷ ಅವರ ‘ಇಟರ್ನಲ್ ಫ್ಲೇಮ್’ ಅಮೆರಿಕ, ಬ್ರಿಟನ್ ಎರಡೂ ಕಡೆ ನಂಬರ್ ಒನ್ ಆಗಿತ್ತು. ಕೇಳುವವರಿದ್ದಾರೆ, ಹೊಸ ಹಾಡಿಲ್ಲ. ಇಂಥ ಹೊತ್ತಲ್ಲಿ ರೆಕಾರ್ಡ್ ಕಂಪನಿಗೆ ಹಿಟ್ ಹಾಡುಗಳ ಸಂಕಲನವೇ ಸುಲಭದ ದಾರಿ. ಹಾಡುಗಳು ಆಗಲೇ ರೆಕಾರ್ಡ್ ಆಗಿರುತ್ತವೆ, ಸ್ಟುಡಿಯೋ ಖರ್ಚು ತೀರಾ ಕಡಿಮೆ.

ಹಾಗಂತ ಇದರಲ್ಲಿರುವುದು ಸುಮ್ನೆ ಹಳೇ ಸರಕಲ್ಲ. 1987ರಲ್ಲಿ ಒಂದು ಸಿನಿಮಾಕ್ಕೆಂದು ಹಾಡಿದ್ದ ‘ಹೇಜಿ ಶೇಡ್ ಆಫ್ ವಿಂಟರ್’ ಆ ಮೂರು ಆಲ್ಬಂಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಅಮೆರಿಕದಲ್ಲಿ 2ನೇ ಸ್ಥಾನಕ್ಕೇರಿದ ಹಾಡು ಅದು! ಮೂರೂ ಆಲ್ಬಂ ಇಟ್ಟುಕೊಂಡವರಿಗೂ ಇದನ್ನು ಕೊಳ್ಳಲು ಒಳ್ಳೆಯ ಕಾರಣವೇ ಅಲ್ವಾ? ಅವರ ಗಿಟಾರ್‌ನ ಕಸುವು ಪೂರ್ತಿ ಕೇಳಿಸುವುದೂ ಈ ಹಾಡಿನಲ್ಲೇ.