ಎಂಆರ್‌ಐ ನಾರ್ಮಲ್, ಆದರೂ ಎರಡು ವರ್ಷದಿಂದ ಸೊಂಟನೋವು: ಕಲಬುರಗಿಯಲ್ಲಿ ಯಾರಿಗೆ ತೋರಿಸಬೇಕು?

ಮೊದಲು ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಎಲುಬು ಇಲ್ಲವೇ ಜನರಲ್ ಮೆಡಿಸಿನ್ ಒಪಿಡಿಗೆ (ಹೊರರೋಗಿ ವಿಭಾಗ) ಹೋಗಿ. ಇಂಥದೇ ಆಸ್ಪತ್ರೆ ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ. ನೋವಿನ ಚಿಕಿತ್ಸೆ ಅರಿವಳಿಕೆ ವಿಭಾಗದಲ್ಲಿ ಸಿಗುತ್ತದೆಯೇ ಅಂತಲೂ ಕೇಳಿ. ಅರಿವಳಿಕೆಯವರಿಗೂ ನೋವಿಗೂ ಏನು ಸಂಬಂಧ ಅನ್ನಬೇಡಿ, ನರಗಳಿಗೆ ಇಂಜೆಕ್ಷನ್ ಕೊಡುವ ಕೈ ಅವರದೇ.

ರಿಪೋರ್ಟ್ ಚೆನ್ನಾಗಿದ್ದರೂ ನೋವು ಸುಳ್ಳಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ಗಾಯ ಮಾಗಿರುತ್ತದೆ, ನರವ್ಯೂಹ ಮಾತ್ರ ಸಣ್ಣ ಒತ್ತಡಕ್ಕೂ ಅಪಾಯದ ಗಂಟೆ ಬಾರಿಸುತ್ತಲೇ ಇರುತ್ತದೆ. ಅದಕ್ಕೇ ಬರೀ ನೋವಿನ ಗುಳಿಗೆ ಸಾಲುವುದಿಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ವೈದ್ಯರು ಖಿನ್ನತೆಯ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರೆ ಗಾಬರಿ ಬೇಡ. ಅದು ಈ ಗಂಟೆಯ ಸದ್ದನ್ನೇ ತಗ್ಗಿಸುತ್ತದೆ.

ಮನೆಯಲ್ಲಿ ಕೆಲಸ ತುಂಡು ಮಾಡಿ. ಇಪ್ಪತ್ತು ರೊಟ್ಟಿ ಒಂದೇ ಸಲ ಕೂತು ಬಡಿಯುವ ಬದಲು ಅಡುಗೆ ಕಟ್ಟೆಯ ಮುಂದೆ ನಿಂತು ಐದು ಬಡಿದು, ಎರಡು ನಿಮಿಷ ಅಡ್ಡಾಡಿ, ಮತ್ತೆ ಐದು. ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೆ ಎರಡು ನಿಮಿಷ ಹೆಚ್ಚಿಸಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಎಡವುವುದು ಇಲ್ಲೇ: ನೋವು ಕಡಿಮೆಯಾದ ದಿನ ಎಲ್ಲ ಕೆಲಸ ಬಾಚಿಕೊಂಡು, ಮರುದಿನ ಹಾಸಿಗೆ ಹಿಡಿಯುತ್ತಾರೆ.

ನಿದ್ದೆಗೆಟ್ಟು ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಜೊತೆಗಿರಲಿ.

ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಸೋರಿದರೆ ಒಪಿಡಿಗೆ ಕಾಯಬೇಡಿ, ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.