ಬೇಲಿಯೊಳಗೆ ಖಾಲಿಯಾದ ಚಿಟ್ಟೆ

ಪತ್ರ: ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆ ‘ದನ ಮೇಯಿಸಿದ್ದರಿಂದ’ ಮತ್ತೆ ಬಂತು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ‘ಮೇಯಿಸದೆ ಬಿಟ್ಟಿದ್ದರಿಂದ’ ಎಂದಿರಬೇಕಿತ್ತು, ಅಲ್ವಾ? ಅಚ್ಚಿನ ತಪ್ಪೇ?
– ಸಾಗರದಿಂದ ಒಬ್ಬ ಓದುಗ

ಸಂಪಾದಕರ ಉತ್ತರ: ಅಚ್ಚಿನ ತಪ್ಪಲ್ಲ, ಮೇಯಿಸಿದ್ದೇ ಸರಿ. ಅಲ್ಲಿನವರೂ ಹಿಂದೆ ನಿಮ್ಮ ಹಾಗೇ ಅಂದುಕೊಂಡಿದ್ದರು. ಚಿಟ್ಟೆ ಹಿಡಿಯುವವರ ಕಾಟ ಜಾಸ್ತಿಯಾಯಿತೆಂದು ಹುಲ್ಲುಗಾವಲಿಗೆ ಬೇಲಿ ಹಾಕಿದ್ದೂ ಉಂಟು. ಬೇಲಿಯಿಂದ ದನಗಳೂ ಹೊರಗುಳಿದವು. ಒಳಗಿದ್ದ ಚಿಟ್ಟೆಯೇ ಖಾಲಿಯಾಯಿತು.

ಗುಟ್ಟು ಇರುವುದು ಇರುವೆಯಲ್ಲಿ. ಈ ಚಿಟ್ಟೆ ಕಾಡು ಥೈಮ್ ಗಿಡದ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಎರಡು-ಮೂರು ವಾರ ಹೂವು ತಿಂದು ನೆಲಕ್ಕೆ ಬೀಳುತ್ತದೆ. ಆಗ ಅದು ಅಕ್ಕಿಕಾಳಿಗಿಂತ ಚಿಕ್ಕದು. ಸುಮ್ನೆ ಬಿದ್ದುಕೊಂಡು ಕಾಯುತ್ತದೆ. ಕೆಂಪಿರುವೆಯೊಂದು ಬಂದು ಅದರ ಬೆನ್ನಿನಲ್ಲಿ ಒಸರುವ ಸಿಹಿ ನೆಕ್ಕುತ್ತದೆ. ಒಂದಷ್ಟು ಹೊತ್ತು ನೆಕ್ಕಿಸಿಕೊಂಡ ಹುಳು ಮೈ ಉಬ್ಬಿಸಿ ಸೆಟೆದು ನಿಲ್ಲುತ್ತದೆ. ಇರುವೆ ಮೋಸ ಹೋಗುವುದು ಇಲ್ಲೇ. ‘ಅಯ್ಯೋ, ನಮ್ಮನೆ ಕೂಸು’ ಎನ್ನುವಂತೆ ಕಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ. ಮುಂದೆ ಹತ್ತು ತಿಂಗಳು ಆ ಹುಳು ಇರುವೆಯ ಮರಿಗಳನ್ನೇ ತಿಂದು ಕೊಬ್ಬುತ್ತದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ನೋಡಿ.

1970ರ ದಶಕದಲ್ಲಿ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಹುಲ್ಲಲ್ಲಿ ಕೂತು ಇದನ್ನೆಲ್ಲ ಗಮನಿಸಿದರು. ಯಾವುದೋ ಒಂದು ಕೆಂಪಿರುವೆ ಇದ್ದರೆ ಸಾಲದು, ಮಿರ್ಮಿಕಾ ಸಬುಲೇಟಿ ಎಂಬ ಜಾತಿಯೇ ಬೇಕು ಎಂದು ಕಂಡುಕೊಂಡರು. ಅದಕ್ಕೆ ಬಿಸಿಲು ಬಿದ್ದು ಕಾದ ನೆಲ ಬೇಕು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಡಿದು ಮೊಲಗಳು ರಾಶಿ ರಾಶಿ ಸತ್ತಿದ್ದವು. ದನ ಮೇಯಿಸುವುದೂ ಕಡಿಮೆಯಾಗಿತ್ತು. ಹುಲ್ಲು ನಾಲ್ಕಾರು ಬೆರಳು ಎತ್ತರ ಬೆಳೆಯಿತು, ನೆಲ ತಣ್ಣಗಾಯಿತು, ಬೇರೆ ಇರುವೆ ಬಂದು ಕೂತಿತು. ಥೈಮ್ ಇನ್ನೂ ಇತ್ತು, ಹಾಗಾಗಿ ನೋಡುವವರ ಕಣ್ಣಿಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಗುಟ್ಟು ಬಯಲಾಗುವ ಹೊತ್ತಿಗೆ ತಡವಾಗಿತ್ತು. 1979ರಲ್ಲಿ ಬ್ರಿಟನ್ನಿನಿಂದ ಚಿಟ್ಟೆ ಅಳಿಯಿತು.

ಆಮೇಲೆ ಹುಲ್ಲು ಮೇಯಿಸಿ ಗಿಡ್ಡ ಮಾಡಿದರು. 1983ರಿಂದ ಸ್ವೀಡನ್ನಿನ ಸಂತತಿಯನ್ನು ತಂದು ಬಿಟ್ಟರು. ಈಗ ಜೂನ್ ಬಂದರೆ ಸಾಮರ್ಸೆಟ್‌ನ ಕೊಲ್ಲಾರ್ಡ್ ಹಿಲ್‌ಗೆ ಜನ ಇದನ್ನು ನೋಡಲೆಂದೇ ಹೋಗುತ್ತಾರೆ.

ಹಾಗಂತ ವರ್ಷಪೂರ್ತಿ ಮೇಯಿಸುವುದಿಲ್ಲ. ಥೈಮ್ ಹೂ ಬಿಡುವಾಗ ದನಗಳನ್ನು ಆಚೆ ಹೊಡೆಯುತ್ತಾರೆ, ಇಲ್ಲದಿದ್ದರೆ ಹೂವಿನ ಜತೆ ಮೊಟ್ಟೆಯೂ ಹೊಟ್ಟೆಗೆ ಹೋದೀತು. ಇದನ್ನು ಕಳೆದ ಸಂಚಿಕೆಯಲ್ಲಿ ಬರೆಯದೆ ಬಿಟ್ಟಿದ್ದು ಮಾತ್ರ ನಮ್ಮ ತಪ್ಪು.