ರಾತ್ರಿ ಕೆಮ್ಮು: ಆಸ್ತಮಾನೋ, ಆಸಿಡಿಟಿನೋ?

ಪ್ರಶ್ನೆ: ನನಗೆ 46 ವರ್ಷ. ಮೂರು ತಿಂಗಳಿಂದ ಒಣಕೆಮ್ಮು, ಮಲಗಿದ ಮೇಲೆ ಜಾಸ್ತಿ. ಎದೆಯುರಿ, ಹುಳಿತೇಗೂ ಇದೆ. ಒಬ್ಬ ಡಾಕ್ಟರು ಆಸ್ತಮಾ ಅಂತ ಇನ್ಹೇಲರ್ ಕೊಟ್ಟರು, ಇನ್ನೊಬ್ಬರು ಆಸಿಡಿಟಿ ಅಂತ ಪ್ಯಾಂಟೊಪ್ರಜೋಲ್ ಬರೆದರು. ರಾತ್ರಿ ಊಟ ಆದ ಮೇಲೆ ಎರಡನ್ನೂ ತೆಗೆದುಕೊಳ್ಳುತ್ತೇನೆ. ಎಕ್ಸ್‌ರೇ, ಕಫ ಪರೀಕ್ಷೆಯಲ್ಲಿ ಏನೂ ಇಲ್ಲ. ಬಿಪಿ ಮಾತ್ರೆಯೂ ನಡೆಯುತ್ತಿದೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರ ಮಾತೂ ನಿಜ ಇರಬಹುದು, ಆಸ್ತಮಾ ಇರುವವರಲ್ಲಿ ಹುಳಿತೇಗು ತುಂಬಾ ಸಾಮಾನ್ಯ. ಆದರೆ ಮೊದಲು ಆ ಬಿಪಿ ಮಾತ್ರೆಯ ಚೀಟಿ ನೋಡಿ. ಎನಲಾಪ್ರಿಲ್, ರಾಮಿಪ್ರಿಲ್ ಹೀಗೆ 'ಪ್ರಿಲ್' ಅಂತ ಮುಗಿಯುವ ಹೆಸರಿದ್ದರೆ ಕೆಮ್ಮು ಅದರಿಂದಲೇ ಬಂದಿರಬಹುದು. ನೀವೇ ನಿಲ್ಲಿಸಬೇಡಿ, ಡಾಕ್ಟರು ಬೇರೆಯದು ಬರೆದುಕೊಡುತ್ತಾರೆ. ಬದಲಿಸಿದ ಮರುದಿನವೇ ಕೆಮ್ಮು ಹೋಗಲ್ಲ, ಕೆಲವು ವಾರ ಹಿಡಿಯುತ್ತದೆ.

ಇನ್ನು ಆಸ್ತಮಾ. ಇದನ್ನು ಊಹೆಯ ಮೇಲೆ ಬಿಡಬಾರದು. ಸ್ಪೈರೋಮೆಟ್ರಿ ಮಾಡಿಸಿ. ಒಂದು ಕೊಳವೆಗೆ ಜೋರಾಗಿ ಊದುತ್ತೀರಿ, ಉಸಿರ್ನಾಳ ಸಡಿಲಿಸುವ ಔಷಧಿ ಎಳೆದುಕೊಂಡು ಮತ್ತೆ ಊದುತ್ತೀರಿ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ 12% ಮತ್ತು 200 ಮಿ.ಲೀ.ಗಿಂತ ಹೆಚ್ಚಿದರೆ ಆಸ್ತಮಾ ಕಡೆಗೆ ಬಲವಾದ ಸಾಕ್ಷಿ. ಚೆನ್ನಾಗಿರುವ ದಿನ ಮಾಡಿಸಿದರೆ ಎಲ್ಲಾ ಸರಿಯಾಗಿಯೇ ಕಾಣಬಹುದು, ಆಗ ಪೀಕ್ ಫ್ಲೋ ಮೀಟರ್ (ಗಾಳಿ ಎಷ್ಟು ವೇಗವಾಗಿ ಊದುತ್ತೀರಿ ಅಂತ ಅಳೆಯುವ ಪುಟ್ಟ ಸಾಧನ) ತಂದು ಎರಡು ವಾರ ಬೆಳಗ್ಗೆ ಸಂಜೆ ಊದಿ ಬರೆದಿಡಿ.

ಇನ್ಹೇಲರನ್ನು ಡಾಕ್ಟರ ಮುಂದೆ ಒಮ್ಮೆ ಒತ್ತಿ ತೋರಿಸಿದ್ದೀರಾ? ಒತ್ತಿದಾಗ ಬಾಯಿಂದ ಹೊಗೆಯ ಹಾಗೆ ಹೊರಗೆ ಬಂದರೆ ಔಷಧಿ ಒಳಗೆ ಹೋಗಿಲ್ಲ ಅಂತ ಅರ್ಥ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಪ್ಯಾಂಟೊಪ್ರಜೋಲ್ ಊಟ ಆದ ಮೇಲೆ ನುಂಗಿದರೆ ಅರ್ಧ ಕೆಲಸ ಹಾಳು. ಆಹಾರಕ್ಕೆ ಅರ್ಧ ಗಂಟೆ ಮೊದಲು ನುಂಗಿ, ಸುಮಾರು 8 ವಾರ ನೋಡಿ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಕಡೆ ಕಾಲುಗಳನ್ನು 15–20 ಸೆಂ.ಮೀ. ಎತ್ತರಿಸಿ, ಸುಮ್ನೆ ಎರಡು ದಿಂಬು ಇಟ್ಟರೆ ಹೊಟ್ಟೆ ಮಡಚಿಕೊಳ್ಳುತ್ತದೆ ಅಷ್ಟೆ. ನಿಮಗೆ ಎದೆಯುರಿ ಇದೆ, ಹಾಗಾಗಿ ಈ ಮಾತ್ರೆ ಪ್ರಯತ್ನಿಸಿ ನೋಡಬಹುದು. ಎದೆಯುರಿಯೇ ಇಲ್ಲದ ಕೆಮ್ಮಿಗೆ ಇದು ಸಾಮಾನ್ಯವಾಗಿ ಕೆಲಸ ಮಾಡಲ್ಲ, ಆದರೂ ಎಲ್ಲರಿಗೂ ಬರೆಯುತ್ತಾರೆ ಅಲ್ವಾ!

ಕಫದಲ್ಲಿ ರಕ್ತ, ನುಂಗುವಾಗ ಸಿಕ್ಕಿಕೊಂಡ ಹಾಗೆ ಆಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ 8 ವಾರ ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ.